ಲೆಕ್ಕ ಬರೆಯದವರೂ ಲೆಕ್ಕ ಓದಬೇಕು

(ಗೆಟ್ಟವಾಡಿಯಲ್ಲಿ ಸೇರಿದ ಮೇಸ್ತ್ರಿಗಳ, ಸಂಘದ ಮುಖ್ಯಸ್ಥರ ಮತ್ತು ಸಭಾ ಸಮಿತಿಯವರ ಕೂಟದಲ್ಲಿ ಮಾಡಿದ ಭಾಷಣ)



ನಾಳೆ ಬೆಳಗಾದರೆ ಕೆಲಸಕ್ಕೆ ಹೊರಡಬೇಕಾದ ನೀವು ಭಾನುವಾರದ ಮಧ್ಯಾಹ್ನವನ್ನು ಈ ಕೂಟಕ್ಕೆ ಕೊಟ್ಟಿದ್ದೀರಿ. ಊಟವಾದ ಮೇಲೆ ಲೆಕ್ಕದ ಮಾತು ಕೇಳುವುದು ಸುಲಭವಲ್ಲವೆಂದು ಬಲ್ಲೆವು. ನಿದ್ದೆ ಬಂದವರು ಹಿಂದಿನ ಸಾಲಿಗೆ ಹೋಗಿ ಗೋಡೆಗೆ ಒರಗಿ ಕೂರಬಹುದು. ಸಂಘದ ಪುಸ್ತಕಕ್ಕೆ ರುಜು ಹಾಕುವವರು ಮಾತ್ರ ಮುಂದೆಯೇ ಇರಬೇಕೆಂದು ಬೇಡುತ್ತೇವೆ.

ಈ ದಿನ ನಾವು ರೈಟರಿಗಾಗಲಿ ಆಫೀಸಿನ ಗುಮಾಸ್ತರಿಗಾಗಲಿ ಬುದ್ಧಿ ಹೇಳಲು ಬಂದವರಲ್ಲ. ಅವರ ವಿದ್ಯೆ ಅವರಿಗೆ ಗೊತ್ತು. ನಾವು ಮಾತಾಡುವುದು ಜನರನ್ನು ನಡೆಸುವವರೊಡನೆ: ಇಪ್ಪತ್ತು ಆಳುಗಳ ಮುಂದೆ ನಡೆಯುವ ಮೇಸ್ತ್ರಿ, ಮಹಿಳಾ ಸಂಘದ ಅಧ್ಯಕ್ಷೆ, ಪ್ರಾರ್ಥನಾ ಮಂದಿರದ ಸಮಿತಿಯವರು, ಕಾರ್ಮಿಕ ಸಂಘದ ಮುಖಂಡರು. ಇವರನ್ನು ಹಣದ ವಿಷಯ ಕೇಳಿದರೆ ಒಂದೇ ಉತ್ತರ: ‘ಲೆಕ್ಕ ನಮಗೆ ಗೊತ್ತಿಲ್ಲ, ಅದನ್ನು ಬರೆಯುವವರು ಬೇರೆ ಇದ್ದಾರೆ.’ ಈ ಮಾತು ವಿನಯದ ಹಾಗೆ ಕೇಳಿಸುತ್ತದೆ. ನಾವೂ ಹಾಗೆ ಹೇಳಿಕೊಂಡು ಬಹಳ ಕಾಲ ಇದ್ದೆವು. ಅದರಿಂದ ಏನಾಯಿತೆಂದು ಮೊದಲು ನಮ್ಮದನ್ನೇ ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಕೂಟದವರು ಒಂದು ತೋಟದ ಲೈನ್ ಮನೆಗಳ ಪಕ್ಕದಲ್ಲಿ ಚಿಕ್ಕದೊಂದು ದಿನಸಿ ಅಂಗಡಿ ಇಟ್ಟೆವು. ಉದ್ದೇಶ ಒಳ್ಳೆಯದೇ ಆಗಿತ್ತು. ಹೊರಗಿನ ಅಂಗಡಿಯಲ್ಲಿ ಉದ್ರಿ ತಂದವರಿಗೆ ಒಂದು ಬೆಲೆ, ಕಾಸು ಕೊಟ್ಟವರಿಗೆ ಒಂದು ಬೆಲೆ. ನಮ್ಮ ಜನಕ್ಕೆ ಅದು ತಪ್ಪಲಿ ಎಂದು ಪೇಟೆಯ ವ್ಯಾಪಾರಿಯೊಬ್ಬರನ್ನು ಕೇಳಿಕೊಂಡೆವು. ಅವರು ನಮ್ಮ ಮಾತನ್ನು ನಂಬಿ 40,000 ರೂಪಾಯಿಯ ಅಕ್ಕಿ, ಬೇಳೆ, ಎಣ್ಣೆ, ಸೋಪು ಕೊಟ್ಟರು.

ನವೆಂಬರ್ ಕೊನೆಯಲ್ಲಿ ಗಲ್ಲಾಪೆಟ್ಟಿಗೆ ಎಣಿಸಿದೆವು. ವ್ಯಾಪಾರಿಗೆ 10,000 ಕೊಟ್ಟ ಮೇಲೂ ಪೆಟ್ಟಿಗೆಯಲ್ಲಿ 17,000 ರೂಪಾಯಿ ಇತ್ತು. ಅಷ್ಟು ಹಣವನ್ನು ನಮ್ಮ ಕೂಟ ಒಟ್ಟಿಗೆ ಕಂಡದ್ದೇ ಇಲ್ಲ. ಕ್ರಿಸ್‌ಮಸ್ ಹತ್ತಿರ ಬಂದಿತ್ತು. ಮಕ್ಕಳಿಗೆ ಬಟ್ಟೆ, ವಿಧವೆಯರಿಗೆ ಸೀರೆ, ಪ್ರಾರ್ಥನಾ ಮಂದಿರದ ಮಾಡಿಗೆ ನಾಲ್ಕು ತಗಡು ಎಂದು 12,000 ಖರ್ಚು ಮಾಡಿದೆವು. ಸಮಿತಿಯ ಐದೂ ಜನ ರುಜು ಹಾಕಿದೆವು. ಲೆಕ್ಕ ಬರೆಯುತ್ತಿದ್ದ ಹುಡುಗ ಏನೋ ಹೇಳಲು ಬಾಯಿ ತೆರೆದ. ‘ನೀನು ಬರೆಯುವುದನ್ನು ಬರಿ ತಮ್ಮಾ, ಖರ್ಚಿನ ತೀರ್ಮಾನ ಹಿರಿಯರಿಗೆ ಬಿಡು’ ಎಂದೆವು.

ಹೊಸ ವರ್ಷದ ಪ್ರಾರ್ಥನೆ ಮುಗಿದ ವಾರದಲ್ಲೇ ವ್ಯಾಪಾರಿ ಬಾಕಿ 30,000 ಕೇಳಿಕೊಂಡು ಬಂದರು. ಪೆಟ್ಟಿಗೆ ಎಣಿಸಿದರೆ ಅದರ ಹತ್ತಿರಕ್ಕೂ ಬರಲಿಲ್ಲ. ಆ ರಾತ್ರಿ ಹುಡುಗ ಹಳೆಯ ಕ್ಯಾಲೆಂಡರಿನ ಬೆನ್ನಿನ ಮೇಲೆ ನವೆಂಬರಿನ ಲೆಕ್ಕ ಬರೆದು ತೋರಿಸಿದ. ಕೈಯಲ್ಲಿದ್ದದ್ದು 17,000. ಲೈನಿನವರಿಂದ ಬರಬೇಕಾಗಿದ್ದ ಉದ್ರಿ 9,000. ಅಂಗಡಿಯಲ್ಲಿ ಉಳಿದ ಸರಕು, ಕೊಂಡ ಬೆಲೆಗೆ ಹಿಡಿದರೆ, 6,500. ಮೂರನ್ನೂ ಕೂಡಿದರೆ 32,500. ಅದರಲ್ಲಿ ವ್ಯಾಪಾರಿಯದು 30,000. ಹಾಗಾದರೆ ನಮ್ಮದೆಂದು ಇದ್ದದ್ದು ಎಷ್ಟು? ಎರಡೂವರೆ ಸಾವಿರ. ಎರಡೂವರೆ ಸಾವಿರದ ಧಣಿಗಳು ಹನ್ನೆರಡು ಸಾವಿರದ ದಾನ ಮಾಡಿದ್ದೆವು. ಉಳಿದ 9,500 ರೂಪಾಯಿಯ ದಾನವನ್ನು ನಮಗೆ ತಿಳಿಯದೆ ಆ ವ್ಯಾಪಾರಿಯ ಹಣದಿಂದ ಮಾಡಿದ್ದೆವು.

ಪ್ರಿಯರೇ, ಅಲ್ಲಿ ಒಬ್ಬನೂ ಕಳ್ಳನಿರಲಿಲ್ಲ. ಒಂದು ರೂಪಾಯಿಯೂ ಯಾರ ಮನೆಗೂ ಹೋಗಲಿಲ್ಲ. ಆದರೂ ಅಂಗಡಿ ಮುಚ್ಚಿತು. ಸಮಿತಿಯವರು ಸಾಲ ಮಾಡಿ ತೀರಿಸಿದೆವು. ಒಬ್ಬರ ಮನೆಯ ಓಲೆ ಅಡವಿಗೆ ಹೋಯಿತು. ಲೈನಿನವರು ಮತ್ತೆ ಅದೇ ಹಳೆಯ ಅಂಗಡಿಯ ಬಾಗಿಲಿಗೆ ಹೋದರು, ಈ ಸಲ ಅಲ್ಲಿ ಮಾತೂ ಕೇಳಿಸಿಕೊಂಡರು. ಹುಡುಗನ ಕ್ಷಮೆ ಕೇಳಿದೆವು. ಅವನು ಹೇಳಿದ್ದು ಇಷ್ಟೇ: ‘ನೀವು ಪೆಟ್ಟಿಗೆ ನೋಡಿದಿರಿ, ಪುಸ್ತಕ ನೋಡಲಿಲ್ಲ.’

ಆದ್ದರಿಂದ ಸಂಘ ನಡೆಸುವವರು ಯಾವ ಖರ್ಚಿಗೆ ರುಜು ಹಾಕುವ ಮುಂಚೆಯೂ ಖಜಾಂಚಿಯನ್ನು ನಾಲ್ಕು ಮಾತು ಕೇಳಿರಿ. ಕೈಯಲ್ಲಿ ಎಷ್ಟಿದೆ? ಬರಬೇಕಾದದ್ದು ಎಷ್ಟು, ಅದರಲ್ಲಿ ನಿಜವಾಗಿ ಬರುವುದೆಷ್ಟು? ಸರಕೋ ಸಾಮಾನೋ ಎಷ್ಟು ಬೆಲೆಯದು ಉಳಿದಿದೆ? ಕೊಡಬೇಕಾದದ್ದು ಎಷ್ಟು? ದೊಡ್ಡ ಕಂಪನಿಗಳು ವರ್ಷಕ್ಕೊಮ್ಮೆ ಅಚ್ಚು ಹಾಕಿಸುವ ಆಸ್ತಿ ಹೊಣೆ ಪಟ್ಟಿಯ ಹೂರಣವೂ ಮುಖ್ಯವಾಗಿ ಇದೇ. ಅದನ್ನು ಓದಲು ಕಾಲೇಜಿಗೆ ಹೋಗಬೇಕಾಗಿಲ್ಲ. ಈ ತಾಳವಾಡಿ ಸೀಮೆಯಲ್ಲಿ ಎಲೆಕೋಸು ಹಾಕಿದವರಿಗೆ, ಗಾಡಿ ತುಂಬ ಕೋಸು ಮಾರಿ ಬಂದ ಹಣವೆಲ್ಲಾ ಲಾಭವಲ್ಲವೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬೀಜ, ಗೊಬ್ಬರ, ಔಷಧಿ, ಬಾಡಿಗೆ, ಮಂಡಿಯ ಕಮಿಷನ್ ಎಲ್ಲವನ್ನೂ ಬೆರಳ ಮೇಲೆ ಹೇಳುತ್ತೀರಿ. ಹೊಲದಲ್ಲಿ ಇರುವ ಬುದ್ಧಿ ಸಮಿತಿಯ ಕುರ್ಚಿಯಲ್ಲಿ ಕೂತೊಡನೆ ಎಲ್ಲಿಗೆ ಹೋಗುತ್ತದೋ ತಿಳಿಯದು.

ಅರಸುಗಳ ಎರಡನೆಯ ಪುಸ್ತಕದ 12ನೆಯ ಅಧ್ಯಾಯದಲ್ಲಿ ಯೋವಾಷನ ಕಾಲದ ಸಂಗತಿ ಇದೆ. ದೇವಾಲಯದ ದುರಸ್ತಿಗೆಂದು ಬಂದ ಹಣವನ್ನು ಯಾಜಕರು ತೆಗೆದುಕೊಳ್ಳಲಿ, ಬಿರುಕು ಬಿಟ್ಟ ಕಡೆ ರಿಪೇರಿ ಮಾಡಿಸಲಿ ಎಂದು ಅರಸನು ಅಪ್ಪಣೆ ಕೊಟ್ಟನು. ಅವನ ಆಳಿಕೆಯ 23ನೆಯ ವರುಷ ಬಂದರೂ ರಿಪೇರಿ ಆಗಿರಲಿಲ್ಲ. ಯಾಜಕರು ಕದ್ದರೆಂದು ಅಲ್ಲಿ ಬರೆದಿಲ್ಲ, ಗಮನಿಸಿರಿ. ಹಣ ಬಂತು, ಗೋಡೆ ಏಳಲಿಲ್ಲ, ಅಷ್ಟೇ. ಆಗ ಯಾಜಕ ಯೆಹೋಯಾದನು ಒಂದು ಪೆಟ್ಟಿಗೆ ತಂದು ಮುಚ್ಚಳಕ್ಕೆ ತೂತು ಮಾಡಿ ಯಜ್ಞವೇದಿಯ ಬಲಗಡೆ ಇರಿಸಿದನು. ಪೆಟ್ಟಿಗೆ ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಇಬ್ಬರೂ ಬಂದು ಎಣಿಸಿ ಚೀಲಕ್ಕೆ ಹಾಕಿ, ಕೆಲಸ ನೋಡಿಕೊಳ್ಳುವವರ ಕೈಗೆ ಕೊಡುತ್ತಿದ್ದರು. ಅವರಿಂದ ಬಡಗಿಗಳಿಗೂ ಕಲ್ಲುಕುಟಿಗರಿಗೂ ಸಲ್ಲುತ್ತಿತ್ತು.

ಅದೇ ಅಧ್ಯಾಯದ ಮುಂದಿನ ಮಾತೊಂದನ್ನು ಹಿಡಿದುಕೊಂಡು ಕೆಲವು ಸಮಿತಿಗಳು ನಮ್ಮ ಮೇಲೆ ವಾದಕ್ಕೆ ಬರುತ್ತವೆ. ಕೆಲಸ ನೋಡಿಕೊಂಡವರು ನಂಬಿಗಸ್ತರಾಗಿದ್ದುದರಿಂದ ಅವರಿಂದ ಲೆಕ್ಕ ಕೇಳಲಿಲ್ಲವೆಂದು ಅಲ್ಲಿ ಹೇಳಿದೆ. ನಿಜ. ಆದರೆ ಆ ಹಣ ಅವರ ಕೈಗೆ ಹೋಗುವ ಮುಂಚೆ ಇಬ್ಬರ ಕಣ್ಣೆದುರು ಎಣಿಸಿದ್ದಾಗಿತ್ತು. ಆಮೇಲೆ ಎದ್ದ ಗೋಡೆಯನ್ನು ಊರೆಲ್ಲಾ ಕಾಣುತ್ತಿತ್ತು. ನಂಬಿಕೆಯನ್ನು ಅಲ್ಲಿ ಎಣಿಕೆಯ ಬದಲಿಗೆ ಇಟ್ಟಿರಲಿಲ್ಲ. ಪೌಲನೂ ಯೆರೂಸಲೇಮಿನ ಬಡವರಿಗೆ ಕೂಡಿಸಿದ ಹಣವನ್ನು ತಾನೊಬ್ಬನೇ ಹೊರಲು ಒಪ್ಪದೆ ಜೊತೆಗೆ ಬೇರೆ ಸಹೋದರರನ್ನು ಕಳುಹಿಸಿದನು. ಅಪೊಸ್ತಲನಿಗೆ ಬೇಡವಾದ ವಿನಾಯಿತಿ ನಮ್ಮ ಖಜಾಂಚಿಗೆ ಏಕೆ ಬೇಕು?

ಇದು ನಮ್ಮ ಕಡೆಯಲ್ಲೇ ನಡೆದುಹೋದ ಪಾಠವೂ ಹೌದು. ಮೈರಾಡ ಎಂಬ ಸಂಸ್ಥೆಯ ಹೆಸರು ತಾಳವಾಡಿಯವರಿಗೆ ಹೊಸದಲ್ಲ. ಈ ಬೆಟ್ಟದ ಊರುಗಳಲ್ಲೂ ಅದರ ಕೆಲಸ ನಡೆದಿದೆ. 1968ರಲ್ಲಿ ಟಿಬೆಟಿನ ನಿರಾಶ್ರಿತರಿಗೆ ನೆಲೆ ಮಾಡಿಕೊಡಲು ಹುಟ್ಟಿ, ಆಮೇಲೆ ಹಳ್ಳಿಯ ಬಡವರ ಕೆಲಸಕ್ಕೆ ಇಳಿದ ಸಂಸ್ಥೆ ಅದು. ಅದು ಕಟ್ಟಿದ್ದ ದೊಡ್ಡ ಸಹಕಾರ ಸಂಘಗಳು 1984-85ರ ಹೊತ್ತಿಗೆ ಒಡೆಯತೊಡಗಿದವು. ಸಾಲಗಾರರು ಸಾಲ ತೀರಿಸಲು ಒಲ್ಲೆನೆನ್ನಲಿಲ್ಲ. ಗುಂಪು ಗುಂಪಾಗಿ ಬಂದು, ಹಣವನ್ನು ಸಂಸ್ಥೆಗೆ ಕಟ್ಟುತ್ತೇವೆ, ಆದರೆ ಒಬ್ಬಿಬ್ಬರ ಹಿಡಿತದಲ್ಲಿರುವ ಆ ಸಂಘಕ್ಕೆ ಕಟ್ಟುವುದಿಲ್ಲ ಎಂದರು. ನೀವು ನಮಗೆ ಸಾಲಗಾರರಲ್ಲ, ನಿಮ್ಮ ನಿಮ್ಮ ಚಿಕ್ಕ ಗುಂಪಿಗೇ ಕಟ್ಟಿಕೊಳ್ಳಿರಿ ಎಂದು ಮೈರಾಡದವರು ಹೇಳಿದರು. ಹಾಗೆ ಹುಟ್ಟಿದ ಹದಿನೈದು ಇಪ್ಪತ್ತು ಜನರ ಗುಂಪುಗಳು 1986-87ರ ವೇಳೆಗೆ ಸುಮಾರು 300 ಆದವು. 1987ರಲ್ಲಿ ನಬಾರ್ಡ್ ಅವುಗಳ ಬಲಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಸ್ವಸಹಾಯ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸವನ್ನು 500 ಗುಂಪುಗಳಿಂದ ಆರಂಭಿಸಿತು. ಇಂದು ನಿಮ್ಮ ಹೆಂಗಸರು ವಾರವಾರ ಉಳಿತಾಯ ಕಟ್ಟುವ ಸಂಘಗಳ ಬೇರು ಅಲ್ಲಿದೆ.

ಆ ಚಿಕ್ಕ ಗುಂಪು ಬದುಕಿದ್ದು ಚಿಕ್ಕದೆಂಬ ಕಾರಣಕ್ಕೆ ಮಾತ್ರವಲ್ಲ. ಎಲ್ಲರೂ ಸುತ್ತ ಕೂತಿರುವಾಗ ಹಣ ಎಣಿಸಿ, ಪುಸ್ತಕವನ್ನು ಗಟ್ಟಿಯಾಗಿ ಓದಿ, ಮುಖ್ಯಸ್ಥರನ್ನು ಆಗಾಗ ಬದಲಾಯಿಸುತ್ತಿದ್ದರು. ಈಗ ಅನೇಕ ಕಡೆ ಏನಾಗಿದೆ? ಪುಸ್ತಕ ಬರೆಯುವ ಹುಡುಗಿಗೆ ಹಣ ಕೊಟ್ಟು ಬರೆಸುತ್ತೇವೆ. ನಮ್ಮ ಊರುಗಳಲ್ಲಿ ಇನ್ನೊಂದು ತೊಡಕೂ ಇದೆ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿದಾಗ ತಾಳವಾಡಿ ಮದರಾಸಿನಲ್ಲೇ ಉಳಿಯಿತು. ತಾಯಂದಿರು ಓದುವುದು ಕನ್ನಡ, ಸಂಘದ ಪುಸ್ತಕ ಬರೆಯುವುದು ತಮಿಳಿನಲ್ಲಿ, ಬ್ಯಾಂಕಿನ ಕಾಗದ ಇಂಗ್ಲಿಷಿನಲ್ಲಿ. ಆದರೆ ಅಂಕಿಗಳು ಮೂರರಲ್ಲೂ ಒಂದೇ. ಅಕ್ಷರ ತಿಳಿಯದವರು ಅಂಕಿಯ ಮೇಲೆ ಬೆರಳಿಟ್ಟು ಇದು ಏನು ಎಂದು ಕೇಳಲು ನಾಚಬೇಕಾಗಿಲ್ಲ.

ಸಾಲದ ಬಡ್ಡಿಯ ಒಂದು ಲೆಕ್ಕ ಹೇಳುತ್ತೇವೆ. ಸಂಘ ನಡೆಸುವವರು ಇದನ್ನು ತಿಳಿಯಲೇಬೇಕು. ಒಬ್ಬ ತಂಗಿ 12,000 ಸಾಲ ತೆಗೆದು ತಿಂಗಳಿಗೆ ಸಾವಿರದಂತೆ ಹನ್ನೆರಡು ತಿಂಗಳಲ್ಲಿ ಅಸಲು ಕಟ್ಟುತ್ತಾಳೆ. ಬಡ್ಡಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ. ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಹಾಕಿದರೆ ಮೊದಲ ತಿಂಗಳು 120, ಎರಡನೆಯ ತಿಂಗಳು 110, ಕಡೆಯ ತಿಂಗಳು 10. ಒಟ್ಟು 780 ರೂಪಾಯಿ. ಮೊದಲು ಕೊಟ್ಟ ಇಡೀ 12,000ಕ್ಕೆ ಕೊನೆಯವರೆಗೂ ಹಾಕಿದರೆ 1,440. ಬಾಯಲ್ಲಿ ಹೇಳುವ ದರ ಎರಡಕ್ಕೂ ಒಂದೇ, ಕೊಡುವ ಹಣ ಹತ್ತಿರ ಹತ್ತಿರ ಎರಡರಷ್ಟು. ಮೋಟಾರ್ ಸೈಕಲ್ಲಿನಲ್ಲಿ ಬಂದು ಗುಂಪು ಸಾಲ ಕೊಡುವವರನ್ನು ನಿಮ್ಮ ಅಧ್ಯಕ್ಷೆ ಕೇಳಬೇಕಾದ ಮೊದಲ ಪ್ರಶ್ನೆ ದರ ಎಷ್ಟೆಂದಲ್ಲ. ಯಾವ ಮೊತ್ತದ ಮೇಲೆ ಹಾಕುತ್ತೀರಿ, ಒಟ್ಟು ಎಷ್ಟು ಕಟ್ಟಬೇಕು ಎಂದು. ಅವಳು ಕೇಳದಿದ್ದರೆ ಹಿಂದೆ ಕೂತ ಹದಿನಾಲ್ಕು ಜನ ಕೇಳುವುದಿಲ್ಲ.

ಇನ್ನು ಮೇಸ್ತ್ರಿಗಳ ವಿಷಯ. ಮೇಸ್ತ್ರಿ ಅಣ್ಣಂದಿರ ಬವಣೆ ನಮಗೆ ಗೊತ್ತು. ಮೇಲಿನಿಂದ ದೊರೆ ಬೈಯುತ್ತಾರೆ, ಕೆಳಗಿನಿಂದ ಆಳುಗಳು ಶಪಿಸುತ್ತಾರೆ. ‘ಖರ್ಚು ಏರಿದೆ, ನಿನ್ನ ಗ್ಯಾಂಗು ಸರಿಯಿಲ್ಲ’ ಎಂದು ಆಫೀಸಿನಲ್ಲಿ ಹೇಳಿದರೆ ಮೇಸ್ತ್ರಿ ಬಂದು ಹೆಂಗಸರ ಮೇಲೆ ಕೂಗುತ್ತಾನೆ. ಏರಿದ್ದು ಯಾವ ಖರ್ಚು? ಚಹಾ ತೋಟದ ಮಾತನ್ನೇ ತೆಗೆದುಕೊಳ್ಳಿ. ಲೆಕ್ಕಕ್ಕೆ ಅನುಕೂಲವಾಗಲೆಂದು ಇಪ್ಪತ್ತು ಆಳಿಗೆ ತಲೆಗೆ 450ರಂತೆ 9,000 ರೂಪಾಯಿ ಎಂದಿಟ್ಟುಕೊಳ್ಳಿ. ಆ ದಿನ 500 ಕಿಲೋ ಎಲೆ ಬಂದರೆ ಕಿಲೋಗೆ ಕೊಯ್ಲಿನ ಖರ್ಚು 18 ರೂಪಾಯಿ. ಮರುವಾರ 360 ಕಿಲೋ ಬಂದರೆ 25. ಕೂಲಿ ಒಂದು ಕಾಸೂ ಏರಿಲ್ಲ, ಖರ್ಚು ಏಳು ರೂಪಾಯಿ ಏರಿತು. ಎಲೆ ಇಳಿದದ್ದು ಏಕೆ? ಹೆಂಗಸರು ಸೋಮಾರಿಗಳಾದರೋ, ಮಳೆ ಬಂತೋ, ಸುತ್ತು ತಡವಾಯಿತೋ, ತೂಕಕ್ಕೆ ಅರ್ಧ ಗಂಟೆ ಕಾಯಿಸಿದರೋ, ಆನೆ ಬಂದಿದೆಯೆಂದು ಬೆಳಿಗ್ಗೆ ಹೊಲಕ್ಕೆ ಬಿಡಲಿಲ್ಲವೋ? ಅದು ದಿನವೂ ಅಲ್ಲೇ ನಿಂತಿರುವ ಮೇಸ್ತ್ರಿಗೆ ಗೊತ್ತು, ಆಫೀಸಿಗೆ ಗೊತ್ತಿಲ್ಲ. ಒಂದು ಚಿಕ್ಕ ನೋಟುಪುಸ್ತಕದಲ್ಲಿ ದಿನದ ಆಳು, ದಿನದ ಕಿಲೋ, ಪಕ್ಕದಲ್ಲಿ ಒಂದು ಸಾಲು ಕಾರಣ ಬರೆದಿಟ್ಟರೆ, ಆಫೀಸಿನಲ್ಲಿ ತಲೆ ತಗ್ಗಿಸಿ ನಿಲ್ಲುವ ಬದಲು ಪುಸ್ತಕ ತೆರೆದು ತೋರಿಸಬಹುದು. ಆ ದಿನ ಇಪ್ಪತ್ತು ಹೆಂಗಸರು ಬೈಗುಳ ತಪ್ಪಿಸಿಕೊಳ್ಳುತ್ತಾರೆ. ಇದನ್ನು ನಾವು ಚಿಕ್ಕ ಪುಣ್ಯವೆಂದು ಎಣಿಸುವುದಿಲ್ಲ.

ಮುಂಗಡದ ಪುಸ್ತಕವನ್ನೂ ಹೀಗೆಯೇ ಇಡಿರಿ. ಮುಂಗಡ ತೆಗೆದು ಕೆಲಸ ತಪ್ಪಿಸಿದವನನ್ನು ಸೆರೆಗೆ ಕಳುಹಿಸಲು ಬ್ರಿಟಿಷರ 1859ರ ಕಾಯಿದೆಯಲ್ಲಿ ಅವಕಾಶವಿತ್ತು. ಅದನ್ನು ರದ್ದು ಮಾಡುವ ಕಾಯಿದೆ 1925ರಲ್ಲಿ ಬಂತು. 1976ರಲ್ಲಿ ಜೀತವೇ ಕಾನೂನಿನಿಂದ ರದ್ದಾಯಿತು. ಆದರೂ ಮುಂಗಡಕ್ಕೆ ಎಷ್ಟು ಹಿಡಿದರು, ಎಷ್ಟು ಉಳಿಯಿತು ಎಂಬುದು ಮೇಸ್ತ್ರಿಯ ಬಾಯಲ್ಲೇ ಇದ್ದರೆ, ಆ ಹಳೆಯ ಕಾಲ ಲೈನಿನ ಒಳಗೆ ಇನ್ನೂ ಇದೆ. ಪ್ರತಿ ಹಿಡಿತವನ್ನೂ ಆಳಿನ ಕೈಯಲ್ಲಿರುವ ಚೀಟಿಯಲ್ಲೂ ಬರೆದುಕೊಡಿರಿ. ಆಳು ಓದಲಾರದಿದ್ದರೆ ಅವನ ಮಗಳು ಓದುತ್ತಾಳೆ.

ಕಾರ್ಮಿಕ ಸಂಘದ ಮುಖಂಡರಿಗೆ ಮುನ್ನಾರಿನ ಸಂಗತಿ ನೆನಪಿಸುತ್ತೇವೆ. ಅಲ್ಲಿನ ಚಹಾ ತೋಟಗಳನ್ನು 2005ರಲ್ಲಿ ಟಾಟಾ ಟೀ ಕಂಪನಿ ಬಿಟ್ಟುಕೊಟ್ಟು, ಕಾರ್ಮಿಕರೂ ನೌಕರರೂ ಷೇರುದಾರರಾಗಿರುವ ಕಣ್ಣನ್ ದೇವನ್ ಹಿಲ್ಸ್ ಪ್ಲಾಂಟೇಶನ್ಸ್ ಕಂಪನಿ ಅವನ್ನು ನಡೆಸತೊಡಗಿತು. ಎಲೆ ಕೊಯ್ಯುವವಳೂ ಕಾಗದದ ಮೇಲೆ ಪಾಲುದಾರಳಾದಳು. 2015ರಲ್ಲಿ ಬೋನಸ್ ಹಿಂದಿನ ವರ್ಷದ ನೂರಕ್ಕೆ 19ರಿಂದ 10ಕ್ಕೆ ಇಳಿಯಿತು. ಸೆಪ್ಟೆಂಬರಿನಲ್ಲಿ ಸಾವಿರಾರು ಹೆಂಗಸರು, ಹೆಚ್ಚಿನವರು ತಮಿಳು ಆಡುವವರು, ಬೀದಿಗೆ ಬಂದು ಕೂತರು. ತಮ್ಮ ಸಂಘಗಳ ಮುಖಂಡರನ್ನೂ ಹತ್ತಿರ ಸೇರಿಸಲಿಲ್ಲ. ಪೆಂಬಿಳೈ ಒರುಮೈ ಎಂಬ ಹೆಸರು ಹುಟ್ಟಿದ್ದು ಹಾಗೆ. ಕೊನೆಗೆ 20ಕ್ಕೆ ಒಪ್ಪಂದವಾಯಿತು.

ಆ 20ರೊಳಗೆ ಏನಿತ್ತೆಂದು ಓದಿರಿ. 8.33 ಬೋನಸ್, 11.67 ಕಂಪನಿ ತಾನಾಗಿ ಒಪ್ಪಿಕೊಟ್ಟ ಹೆಚ್ಚುವರಿ. 8.33 ಎಂಬುದು ಕಾಯಿದೆ ಗೊತ್ತುಮಾಡಿದ ಅತಿ ಕಡಮೆ ಬೋನಸ್. ವರ್ಷದ ಕೂಲಿಯಲ್ಲಿ ಹನ್ನೆರಡರಲ್ಲಿ ಒಂದು ಪಾಲು, ಎಂದರೆ ಒಂದು ತಿಂಗಳ ಕೂಲಿ. ಬೋನಸ್ಸಿಗೆ ಅರ್ಹರಾದವರಿಗೆ ಕಂಪನಿ ನಷ್ಟದಲ್ಲಿದ್ದರೂ ಅದು ಸಲ್ಲಬೇಕು. 1965ರ ಕಾಯಿದೆಯಲ್ಲೂ ಹಾಗಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲೂ ಹಾಗೆಯೇ ಇದೆ. ಅದಕ್ಕಿಂತ ಮೇಲೆ 20ರವರೆಗೆ ಕಾಯಿದೆಯ ಬೋನಸ್ ಎಷ್ಟು ಬರಬೇಕೆಂಬುದು ಕಂಪನಿಯ ವರ್ಷದ ಲೆಕ್ಕದಿಂದ ತೀರ್ಮಾನವಾಗುತ್ತದೆ. ತಾನಾಗಿ ಕೊಟ್ಟ ಹೆಚ್ಚುವರಿ ಮಾತ್ರ ಬರುವ ವರ್ಷ ಬರಲೂಬಹುದು, ಬರದೆಯೂ ಇರಬಹುದು. ಆ ಹೆಂಗಸರ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ನಮ್ಮನ್ನು ಕಾಡುವ ಪ್ರಶ್ನೆ ಬೇರೆ. ವರ್ಷದ ಲೆಕ್ಕ ಅಚ್ಚಾಗಿ ಬಂದಾಗ, ಎಲೆಯ ಬೆಲೆ ಹೀಗೆ ಬಿದ್ದಿದೆ, ಲಾಭ ಇಷ್ಟು, ಬೋನಸ್ ಇಷ್ಟಾಗಬಹುದು ಎಂದು ಲೈನಿನ ಬಾಗಿಲಲ್ಲಿ ಕೂತು ಹೇಳಬಲ್ಲ ಒಬ್ಬ ಮುಖಂಡ ನಮ್ಮ ತೋಟಗಳಲ್ಲಿ ಎಷ್ಟು ಕಡೆ ಇದ್ದಾನೆ? ಭಾಷಣ ಮಾಡುವವರು ಬೇಕಾದಷ್ಟು ಇದ್ದೇವೆ.

ಸಂಬಳ ಚೀಟಿಯ ಬಗ್ಗೆ ಒಂದು ಮಾತು. ಭವಿಷ್ಯ ನಿಧಿಗೆ ಆಳಿನಿಂದ ನೂರಕ್ಕೆ 12 ಹಿಡಿಯುತ್ತಾರೆ, ಮಾಲೀಕರು ಅಷ್ಟೇ ಸೇರಿಸುತ್ತಾರೆ. ತಿಂಗಳಿಗೆ 12,000 ಕೂಲಿಯಾದರೆ ಎರಡೂ ಕಡೆಯಿಂದ 1,440. ಮಾಲೀಕರ ಪಾಲಿನಲ್ಲಿ ನೂರಕ್ಕೆ 8.33, ಎಂದರೆ ಸುಮಾರು ಸಾವಿರ, ಪಿಂಚಣಿಗೆ ಹೋಗುತ್ತದೆ. ಉಳಿದ 440 ನಿಮ್ಮ 1,440ರ ಜೊತೆ ಸೇರಿ ಪಾಸ್‌ಬುಕ್ಕಿನಲ್ಲಿ 1,880 ಏರಿರಬೇಕು. ಚೀಟಿಯಲ್ಲಿ ಹಿಡಿದದ್ದು ಪಾಸ್‌ಬುಕ್ಕಿನಲ್ಲಿ ಬಂದಿದೆಯೇ ಎಂದು ಮೊಬೈಲಿನಲ್ಲೇ ನೋಡಬಹುದು. ನಿಮ್ಮ ಮಕ್ಕಳಿಗೆ ಐದು ನಿಮಿಷದ ಕೆಲಸ. ಮೇಸ್ತ್ರಿ ಮೊದಲು ತನ್ನದನ್ನು ನೋಡಿಕೊಂಡರೆ, ಆಮೇಲೆ ಗ್ಯಾಂಗಿನವರದನ್ನು ನೋಡಿಕೊಡಬಲ್ಲ.

ಮುಂದಿನ ತಿಂಗಳ ಮೊದಲನೆಯ ಭಾನುವಾರ ಇಲ್ಲಿಯೇ ಮತ್ತೆ ಸೇರುತ್ತೇವೆ. ಆ ದಿನ ಭಾಷಣವಿಲ್ಲ. ಸಂಬಳ ಚೀಟಿ, ಪಾಸ್‌ಬುಕ್, ಸಂಘದ ಪುಸ್ತಕ, ಮುಂಗಡದ ಚೀಟಿ ಏನಿದೆಯೋ ತನ್ನಿರಿ. ಕನ್ನಡಕವಿರುವವರು ಕನ್ನಡಕ ತನ್ನಿರಿ. ನಾವು ಮುಚ್ಚಿದ ಅಂಗಡಿಯ ಲೆಕ್ಕ ಬರೆದ ಆ ಕ್ಯಾಲೆಂಡರಿನ ಹಾಳೆ ಇನ್ನೂ ನಮ್ಮಲ್ಲಿದೆ, ಅದನ್ನೂ ತರುತ್ತೇವೆ.

ಈಗ ಚಹಾ ಕೊಡುತ್ತಾರೆ. ಚಹಾ ಆದ ಮೇಲೆ ಈ ದಿನದ ಕಾಣಿಕೆಯನ್ನು ಇಲ್ಲೇ ಮೇಜಿನ ಮೇಲೆ ಸುರಿದು ಎಣಿಸೋಣ. ಎಣಿಸುವವರು ಖಜಾಂಚಿಯಲ್ಲ, ನಾವೂ ಅಲ್ಲ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿರುವ ಇಬ್ಬರು ಅಕ್ಕಂದಿರು ದಯವಿಟ್ಟು ಎದ್ದು ಮುಂದೆ ಬರಬೇಕು.